ನಿಮ್ಮ ವ್ಯಾಪಾರಕ್ಕೆ ಕ್ಲೌಡ್ ಬೇಕಾ? ಒಂದೊಂದೇ ಕೆಲಸ ಹಿಡಿದು ಅಳೆಯುವ ಬಗೆ

ದಾವಣಗೆರೆಯ ಒಂದು ಹಾರ್ಡ್‌ವೇರ್ ಅಂಗಡಿ. ಗಲ್ಲಾದ ಕೆಳಗೆ, ಕಾಲಿಗೆ ತಾಗುವಷ್ಟು ಹತ್ತಿರ, ಒಂದು ಹಳೆಯ ಕಂಪ್ಯೂಟರ್. ಅದರ ಮೇಲೆ ಸಿಮೆಂಟ್ ಧೂಳು ಬೆರಳಲ್ಲಿ ಹೆಸರು ಬರೆಯುವಷ್ಟು ದಪ್ಪ ಕೂತಿತ್ತು. ಪಕ್ಕದ ಮೊಳೆಗೆ ದಾರ ಕಟ್ಟಿ ಒಂದು ಪೆನ್‌ಡ್ರೈವ್ ನೇತುಹಾಕಿದ್ದರು. ಹನ್ನೊಂದು ವರ್ಷದ ಟ್ಯಾಲಿ ಲೆಕ್ಕ ಆ ಕಂಪ್ಯೂಟರಿನಲ್ಲಿ, ಅದರ ಬ್ಯಾಕಪ್ ಆ ಪೆನ್‌ಡ್ರೈವಿನಲ್ಲಿ. ಒಂದು ಮಳೆಗಾಲದ ಬೆಳಿಗ್ಗೆ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಸದ್ದು ಮಾಡಿ ನಿಂತಿತು. ಪೆನ್‌ಡ್ರೈವ್ ತೆಗೆದು ನೋಡಿದರೆ ಕೊನೆಯ ಬ್ಯಾಕಪ್ ನಾಲ್ಕು ತಿಂಗಳ ಹಿಂದಿನದು. ಅಕೌಂಟೆಂಟ್ ಬಿಲ್ಲಿನ ಕಾರ್ಬನ್ ಪ್ರತಿಗಳನ್ನು ರಾಶಿ ಹಾಕಿಕೊಂಡು ಮೂರು ವಾರ ಕೂತು ಮತ್ತೆ ಎಂಟ್ರಿ ಮಾಡಿದರು.

ಅದಾದ ಮೇಲೆ ಮಾಲೀಕರು ನನ್ನನ್ನು ಕೇಳಿದ್ದು ಒಂದೇ ಮಾತು: "ಸರ್, ಎಲ್ಲಾರೂ ಕ್ಲೌಡ್ ಕ್ಲೌಡ್ ಅಂತಾರಲ್ರೀ, ನಾವೂ ಎಲ್ಲಾನೂ ಅಲ್ಲಿಗೇ ಹಾಕಿಬಿಡೋಣೇನ್ರಿ?"

ಸಣ್ಣ ಮತ್ತು ಮಧ್ಯಮ ವ್ಯಾಪಾರಗಳಿಗೆ ಕಂಪ್ಯೂಟರ್ ವ್ಯವಸ್ಥೆ ಮಾಡಿಕೊಡುವ ಕೆಲಸದಲ್ಲಿ ಈ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಸಿಗುತ್ತದೆ. ಕ್ಲೌಡ್ ಎಂದರೆ ನಿಮ್ಮ ಕಂಪ್ಯೂಟರಿನ ಬದಲು ಬೇರೆ ಕಂಪನಿಯ ದೂರದ ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ಬಳಸುವುದು. ನಾನು ಹೇಳುವುದು ಇಷ್ಟೇ: "ಎಲ್ಲಾನೂ" ಅನ್ನುವ ಪದವನ್ನು ಮೊದಲು ಬಿಡಿ. ಇಡೀ ವ್ಯಾಪಾರ ಕ್ಲೌಡ್‌ಗೆ ಹೋಗಬೇಕಾ ಬೇಡವಾ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಬಿಲ್ಲಿಂಗ್ ಹೋಗಬೇಕಾ, ಮೇಲ್ ಹೋಗಬೇಕಾ, ಬ್ಯಾಕಪ್ ಹೋಗಬೇಕಾ ಎಂದು ಒಂದೊಂದಾಗಿ ಕೇಳಿದರೆ ಸಿಗುತ್ತದೆ. ಆ ಅಂಗಡಿಯಲ್ಲಿ ನಾವು ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹೆಜ್ಜೆ 1: ಕೆಲಸಗಳ ಪಟ್ಟಿ ಮಾಡಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮಲ್ಲಿ ಕಂಪ್ಯೂಟರ್ ಮಾಡುವ ಕೆಲಸಗಳನ್ನೆಲ್ಲ ಬರೆಯಿರಿ. ಆ ಅಂಗಡಿಯಲ್ಲಿ ಬಂದದ್ದು ಐದು: ಕೌಂಟರಿನ ಬಿಲ್ಲಿಂಗ್, ಟ್ಯಾಲಿ ಲೆಕ್ಕ, ಮೇಲ್ ಮತ್ತು ಕೊಟೇಶನ್ನುಗಳು, ಗೋಡೌನ್ ಸ್ಟಾಕ್, ಸಿಸಿಟಿವಿ.

ಪ್ರತಿ ಕೆಲಸದ ಮುಂದೆ ಎರಡು ಉತ್ತರ ಬರೆಯಿರಿ. ಇದು ನಿಂತುಹೋದರೆ ಎಷ್ಟು ಹೊತ್ತು ತಡೆದುಕೊಳ್ಳಬಹುದು? ಇದರ ಎಷ್ಟು ಹೊತ್ತಿನ ಮಾಹಿತಿ ಕಳೆದುಹೋದರೆ ಮತ್ತೆ ಬರೆದುಕೊಳ್ಳಬಹುದು?

ಎರಡೂ ಒಂದೇ ಪ್ರಶ್ನೆಯಂತೆ ಕಾಣುತ್ತವೆ, ಆದರೆ ಬೇರೆ ಬೇರೆ. ಬಿಲ್ಲಿಂಗ್ ಹತ್ತು ನಿಮಿಷ ನಿಂತರೂ ಕೌಂಟರಿನಲ್ಲಿ ಗಲಾಟೆ ಶುರು. ಟ್ಯಾಲಿ ಒಂದು ದಿನ ನಿಂತರೆ ಏನೂ ಆಗುವುದಿಲ್ಲ, ನಾಳೆ ಎಂಟ್ರಿ ಮಾಡಿದರಾಯಿತು. ಆದರೆ ಟ್ಯಾಲಿಯ ನಾಲ್ಕು ತಿಂಗಳ ಲೆಕ್ಕ ಹೋದರೆ ಏನಾಗುತ್ತದೆ ಎಂಬುದನ್ನು ಅವರು ಆಗಲೇ ಕಂಡಿದ್ದರು. ಸಿಸಿಟಿವಿಯ ಹಳೆಯ ದೃಶ್ಯ ಹೋದರೆ ಬಹುಪಾಲು ದಿನ ಯಾರಿಗೂ ಗೊತ್ತೇ ಆಗುವುದಿಲ್ಲ.

ಈ ಹಾಳೆಗೆ ಅರ್ಧ ದಿನ ಕೊಡಿ. ಸಾಫ್ಟ್‌ವೇರ್ ಮಾರುವವರು ಬಂದು ಕೂರುವ ಮೊದಲೇ ಇದು ನಿಮ್ಮ ಕೈಯಲ್ಲಿರಬೇಕು.

ಹೆಜ್ಜೆ 2: ಯಾವ ಬಗೆಯ ಕ್ಲೌಡ್ ಎಂದು ಕೇಳಿ

ಕ್ಲೌಡ್ ಎಂಬ ಒಂದೇ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಮೂರು ಬೇರೆ ಸರಕುಗಳಿವೆ. ಮೊದಲನೆಯದು ರೆಡಿಮೇಡ್ ಸಾಫ್ಟ್‌ವೇರ್: ಜಿಮೇಲ್, ಜೋಹೋ ಬುಕ್ಸ್ ಥರದ್ದು. ಬ್ರೌಸರಿನಲ್ಲಿ ತೆರೆದು ಬಳಸುತ್ತೀರಿ, ತಿಂಗಳಿಗೆ ತಲೆಗಿಷ್ಟು ಎಂದು ಕೊಡುತ್ತೀರಿ. ಎರಡನೆಯದು ಬಾಡಿಗೆ ಯಂತ್ರ: ದೂರದ ಡೇಟಾ ಸೆಂಟರಿನಲ್ಲಿ (ಸಾಲು ಸಾಲು ಕಂಪ್ಯೂಟರ್ ಇಟ್ಟ ಕಟ್ಟಡ) ಒಂದು ಕಂಪ್ಯೂಟರಿನ ಪಾಲು ನಿಮ್ಮದಾಗುತ್ತದೆ, ಅದರಲ್ಲಿ ಏನು ಹಾಕಬೇಕೋ ನೀವೇ ಹಾಕಬೇಕು. "ಕ್ಲೌಡ್ ಟ್ಯಾಲಿ" ಎಂದು ಊರೂರಲ್ಲಿ ಮಾರುವುದು ಹೆಚ್ಚಾಗಿ ಇದೇ. ಮೂರನೆಯದು ಬರೀ ಜಾಗ: ಫೈಲುಗಳನ್ನು, ಬ್ಯಾಕಪ್ಪನ್ನು ಇಡುವ ಗೋಡೌನ್.

ಯಾವುದನ್ನು ಕೊಡುತ್ತಿದ್ದಾರೆ ಎಂದು ನೇರವಾಗಿ ಕೇಳಿ. ಬಾಡಿಗೆ ಯಂತ್ರ ತೆಗೆದುಕೊಂಡು, ಅದರ ಅಪ್‌ಡೇಟ್ ಮತ್ತು ಬ್ಯಾಕಪ್ ಕಂಪನಿಯವರೇ ನೋಡಿಕೊಳ್ಳುತ್ತಾರೆ ಎಂದುಕೊಂಡವರು ನನಗೆ ತುಂಬಾ ಜನ ಸಿಕ್ಕಿದ್ದಾರೆ.

ಹೆಜ್ಜೆ 3: ಐದು ವರ್ಷದ ಖರ್ಚು ಕೂಡಿಸಿ

ಮನೆಯಲ್ಲಿ ಮದುವೆ ಇದ್ದರೆ ಕೊಪ್ಪರಿಗೆ, ಹಂಡೆ, ಶಾಮಿಯಾನ ಬಾಡಿಗೆಗೆ ತರುತ್ತೇವೆ. ಎರಡು ದಿನದ ಕೆಲಸಕ್ಕೆ ಕೊಪ್ಪರಿಗೆ ಕೊಂಡರೆ ದಂಡ. ಆದರೆ ದಿನಾ ಅನ್ನ ಮಾಡುವ ಕುಕ್ಕರನ್ನು ಯಾರೂ ಬಾಡಿಗೆಗೆ ತರುವುದಿಲ್ಲ, ಅಲ್ವಾ? ಕ್ಲೌಡ್ ಖರ್ಚಿನ ಲೆಕ್ಕವೂ ಹೀಗೇ. ಕೆಲಸ ಏರಿಳಿಯುವ ಕಡೆ ಬಾಡಿಗೆ ಲಾಭ. ವರ್ಷಪೂರ್ತಿ ಒಂದೇ ಸಮ ಇರುವ ಕೆಲಸಕ್ಕೆ ಸ್ವಂತದ್ದು ಅಗ್ಗ ಬೀಳಬಹುದು.

ದೊಡ್ಡ ಕಂಪನಿಗಳಲ್ಲಿ ಎರಡೂ ಕಡೆಯ ಉದಾಹರಣೆಗಳಿವೆ. ಆಗ ಅಂಚೆಯಲ್ಲಿ ಡಿವಿಡಿ ಬಾಡಿಗೆಗೆ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್‌ನವರ ಸ್ವಂತ ಡೇಟಾಬೇಸ್ 2008ರ ಆಗಸ್ಟಿನಲ್ಲಿ ಕೆಟ್ಟು ಮೂರು ದಿನ ಗ್ರಾಹಕರಿಗೆ ಡಿವಿಡಿ ಕಳಿಸಲಾಗಲಿಲ್ಲ. ಆಗ ಅಮೆಜಾನ್ ಕ್ಲೌಡ್‌ನತ್ತ ಹೊರಟವರು ಪೂರ್ತಿ ಮುಗಿಸಿದ್ದು 2016ರ ಜನವರಿಯಲ್ಲಿ. ದೇಶ ದೇಶಕ್ಕೆ ಹರಡುತ್ತಾ ಹೋದ ಅವರಿಗೆ ಅದು ಸರಿಹೋಯಿತು. ಇತ್ತ ಬೇಸ್‌ಕ್ಯಾಂಪ್ ಎಂಬ ಸಾಫ್ಟ್‌ವೇರ್ ಮಾಡುವ 37ಸಿಗ್ನಲ್ಸ್ ಕಂಪನಿ 2022ರಲ್ಲಿ ಕ್ಲೌಡ್‌ಗೆ ಸುಮಾರು 32 ಲಕ್ಷ ಡಾಲರ್ ಕಟ್ಟಿತು. ತಮ್ಮ ಕೆಲಸ ಹೆಚ್ಚೇನೂ ಏರಿಳಿಯುವುದಿಲ್ಲ ಎಂದು ಲೆಕ್ಕ ಹಾಕಿ, ಸುಮಾರು 7 ಲಕ್ಷ ಡಾಲರಿನ ಸರ್ವರ್‌ಗಳನ್ನು (ಹಗಲು ರಾತ್ರಿ ಓಡುವ, ಎಲ್ಲರೂ ಹಂಚಿಕೊಂಡು ಬಳಸುವ ಕಂಪ್ಯೂಟರ್‌ಗಳು) ಕೊಂಡು, 2023ರಲ್ಲಿ ತಮ್ಮ ಸಾಫ್ಟ್‌ವೇರ್‌ಗಳನ್ನು ಅವುಗಳ ಮೇಲೆ ತಂದುಕೊಂಡರು. ಇಬ್ಬರೂ ತಪ್ಪು ಮಾಡಲಿಲ್ಲ. ಕೆಲಸ ಬೇರೆ ಇತ್ತು.

ಈಗ ನಮ್ಮ ಅಂಗಡಿಗೆ ಬರೋಣ. ಕೆಳಗಿನ ಬೆಲೆಗಳು ಲೆಕ್ಕದ ದಾರಿ ತೋರಿಸಲು ಮಾತ್ರ. ನಿಮಗೆ ಸಿಕ್ಕ ಕೊಟೇಶನ್ನಿನ ಸಂಖ್ಯೆ ಹಾಕಿಕೊಳ್ಳಿ.

ಸ್ವಂತ ಸರ್ವರ್ 1,20,000 ರೂಪಾಯಿ. ಯುಪಿಎಸ್ 30,000, ಮೂರನೇ ವರ್ಷಕ್ಕೆ ಬ್ಯಾಟರಿ ಬದಲಾವಣೆ 12,000. ಕರೆಂಟ್ ಬಿಲ್ಲನ್ನು ಎಲ್ಲರೂ ಮರೆಯುತ್ತಾರೆ: 150 ವ್ಯಾಟ್ ಎಳೆಯುವ ಯಂತ್ರ ಹಗಲು ರಾತ್ರಿ ಓಡಿದರೆ ತಿಂಗಳಿಗೆ 108 ಯೂನಿಟ್. ಯೂನಿಟ್ಟಿಗೆ 9 ರೂಪಾಯಿ ಹಿಡಿದರೆ ಐದು ವರ್ಷಕ್ಕೆ ಸುಮಾರು 58,000. ರಿಪೇರಿ, ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ಎಂದರೆ 60,000. ಒಟ್ಟು 2,80,000 ರೂಪಾಯಿ.

ಕ್ಲೌಡ್‌ನಲ್ಲಿ ಐದು ಜನಕ್ಕೆ ತಲೆಗೆ ತಿಂಗಳಿಗೆ 900 ರೂಪಾಯಿ ಎಂದರೆ ಐದು ವರ್ಷಕ್ಕೆ 2,70,000. ಎರಡನೇ ಇಂಟರ್ನೆಟ್ ಲೈನ್ ಬೇಕೇ ಬೇಕು, ತಿಂಗಳಿಗೆ 800 ಹಿಡಿದರೆ 48,000. ಒಟ್ಟು 3,18,000. ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಸರ್ವರ್ ಕೊಂಡರೂ ಜಿಎಸ್‌ಟಿ ಇದ್ದೇ ಇದೆ. ಸಾಮಾನ್ಯ ಪದ್ಧತಿಯಲ್ಲಿ ಜಿಎಸ್‌ಟಿ ಕಟ್ಟುವವರು ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳಬಹುದು, ಕಾಂಪೊಸಿಷನ್ ಪದ್ಧತಿಯಲ್ಲಿ ಇರುವವರಿಗೆ ಅದು ಸಿಗುವುದಿಲ್ಲ.

ಐದು ಜನರಿದ್ದರೆ ಅಂಥಾ ವ್ಯತ್ಯಾಸವೇ ಇಲ್ಲ. ಅಂದರೆ ಇಲ್ಲಿ ದುಡ್ಡು ನೋಡಿ ತೀರ್ಮಾನ ಮಾಡುವ ಹಾಗಿಲ್ಲ, ಬೇರೆ ಕಾರಣ ನೋಡಬೇಕು. ಅದೇ 25 ಜನ ಆದರೆ ಕ್ಲೌಡ್ ಬಾಬತ್ತೇ 13,50,000ಕ್ಕೆ ಹೋಗುತ್ತದೆ. ಸ್ವಂತ ಸರ್ವರಿನ ಖರ್ಚು ಐದು ಪಟ್ಟು ಏರುವುದಿಲ್ಲ. "ತಲೆಗೆ ಬರೀ 900 ರೂಪಾಯಿ" ಎಂಬ ಮಾತು ಕೇಳಿದಾಗ ಮೂರು ವರ್ಷದ ನಂತರ ನಿಮ್ಮಲ್ಲಿ ಎಷ್ಟು ತಲೆ ಇರುತ್ತವೆ ಎಂದು ಎಣಿಸಿ. ಇನ್ನೊಂದು ಕಡೆ, ಶುರುವಿಗೇ ಒಂದೂವರೆ ಲಕ್ಷ ಹಾಕುವ ಬದಲು ಆ ದುಡ್ಡನ್ನು ಸರಕಿಗೆ ಹಾಕಬಹುದು ಎಂಬುದು ಕ್ಲೌಡ್‌ನ ನಿಜವಾದ ಲಾಭ. ಹೊಸದಾಗಿ ಅಂಗಡಿ ತೆರೆಯುವವರಿಗೆ ಇದು ದೊಡ್ಡದು.

ಡಾಲರನ್ನೂ ನೆನಪಿಡಿ. ದೊಡ್ಡ ವಿದೇಶಿ ಕ್ಲೌಡ್‌ಗಳಲ್ಲಿ ಬಿಲ್ ರೂಪಾಯಿಯಲ್ಲಿ ಬಂದರೂ ಎಷ್ಟೋ ಸೇವೆಗಳ ದರ ಡಾಲರಿನಲ್ಲಿರುತ್ತದೆ. 2014ರಲ್ಲಿ ಡಾಲರಿಗೆ ಸುಮಾರು 61 ರೂಪಾಯಿ ಇತ್ತು, 2024ರಲ್ಲಿ ಸುಮಾರು 84. ನೀವು ಏನೂ ಜಾಸ್ತಿ ಬಳಸದೆಯೇ ಬಿಲ್ ಏರಬಹುದು.

ಹೆಜ್ಜೆ 4: ಇಂಟರ್ನೆಟ್ಟನ್ನು ಒಂದು ವಾರ ಅಳೆಯಿರಿ

ಕ್ಲೌಡ್‌ಗೆ ಹೋಗುವುದು ಎಂದರೆ ನಿಮ್ಮ ಬೀದಿಯ ಫೈಬರ್ ವೈರಿನ ಮೇಲೆ ವ್ಯಾಪಾರ ನಿಲ್ಲಿಸುವುದು. ಒಂದು ವಾರ ದಿನಕ್ಕೆ ಮೂರು ಸಲ ಸ್ಪೀಡ್ ಟೆಸ್ಟ್ ಮಾಡಿ ಬರೆದಿಡಿ: ಅಂಗಡಿ ತೆರೆದಾಗ, ಮಧ್ಯಾಹ್ನ, ಸಂಜೆ ಗಿರಾಕಿ ಜಾಸ್ತಿ ಇರುವಾಗ. ಡೌನ್‌ಲೋಡ್ ಜೊತೆಗೆ ಅಪ್‌ಲೋಡ್ ನೋಡಿ. ಬ್ಯಾಕಪ್ ಮೇಲೆ ಹೋಗುವುದು ಅಪ್‌ಲೋಡ್ ದಾರಿಯಲ್ಲೇ.

ಲೆಕ್ಕ ಕಷ್ಟವಲ್ಲ. 500 ಜಿಬಿ ಮಾಹಿತಿಯನ್ನು 50 ಎಂಬಿಪಿಎಸ್ (ಸೆಕೆಂಡಿಗೆ 50 ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್) ವೇಗದಲ್ಲಿ ಕಳಿಸಲು 22 ಗಂಟೆ ಬೇಕು. 10 ಎಂಬಿಪಿಎಸ್ ಮಾತ್ರ ಸಿಕ್ಕರೆ ನಾಲ್ಕೂವರೆ ದಿನಕ್ಕೂ ಹೆಚ್ಚು. ಸಿಸಿಟಿವಿಯ ತೀರ್ಮಾನ ಇಲ್ಲೇ ಆಗಿಹೋಯಿತು. ಒಂದು ಕ್ಯಾಮೆರಾ 2 ಎಂಬಿಪಿಎಸ್ ಬಳಸಿದರೆ ದಿನಕ್ಕೆ 21.6 ಜಿಬಿ, ಎಂಟು ಕ್ಯಾಮೆರಾಕ್ಕೆ 172 ಜಿಬಿ ದಾಟುತ್ತದೆ. ಅದು ಅಂಗಡಿಯ ಡಿವಿಆರ್‌ನಲ್ಲೇ (ಕ್ಯಾಮೆರಾ ದೃಶ್ಯ ತುಂಬಿಡುವ ಪೆಟ್ಟಿಗೆ) ಇರಲಿ ಎಂದು ಪಟ್ಟಿಯಿಂದ ಹೊಡೆದು ಹಾಕಿದೆವು.

ಎರಡನೇ ಲೈನ್ ತೆಗೆದುಕೊಳ್ಳುವಾಗ ಬೇರೆ ಕಂಪನಿಯದ್ದಾದರೆ ಸಾಲದು, ಬೇರೆ ದಾರಿಯಲ್ಲಿ ಬರಬೇಕು. ಎರಡೂ ಕಂಪನಿಯ ವೈರು ಒಂದೇ ಕಂಬದ ಮೇಲೆ ಬಂದರೆ ಚರಂಡಿ ಅಗೆಯುವ ಒಂದೇ ಜೆಸಿಬಿಗೆ ಎರಡೂ ಹೋಗುತ್ತವೆ. ಆ ಅಂಗಡಿಗೆ ನಾವು ಎರಡನೆಯದಾಗಿ ಮೊಬೈಲ್ ಸಿಮ್ ಹಾಕುವ ರೌಟರ್ ಇಟ್ಟೆವು. ರೌಟರನ್ನು ಯುಪಿಎಸ್‌ಗೆ ಸಿಕ್ಕಿಸುವುದನ್ನು ಮರೆಯಬೇಡಿ. ಕಂಪ್ಯೂಟರ್ ಯುಪಿಎಸ್ ಮೇಲೆ, ರೌಟರ್ ಗೋಡೆಯ ಪ್ಲಗ್ಗಿನಲ್ಲಿ ಇರುವ ಅಂಗಡಿಗಳನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೇನೆ.

ಕ್ಲೌಡ್ ಕಂಪನಿಯ ಕಡೆಯಿಂದಲೂ ಸೇವೆ ನಿಲ್ಲುತ್ತದೆ. 2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕ್ಲೌಡ್ ಕೇಂದ್ರದಲ್ಲಿ ತೊಂದರೆಯಾಗಿ ಜಗತ್ತಿನ ಬೇರೆ ಬೇರೆ ಕಡೆ ಆ್ಯಪ್‌ಗಳು ಗಂಟೆಗಟ್ಟಲೆ ನಿಂತವು. ಒಪ್ಪಂದದಲ್ಲಿ 99.9 ಪರ್ಸೆಂಟ್ ಹೊತ್ತು ಸೇವೆ ಓಡುತ್ತದೆ ಎಂದು ಬರೆದಿದ್ದರೆ ವರ್ಷಕ್ಕೆ ಎಂಟೂ ಮುಕ್ಕಾಲು ಗಂಟೆ ನಿಲ್ಲಲು ಅವಕಾಶವಿದೆ ಎಂದರ್ಥ. 99.99 ಆದರೆ ಸುಮಾರು 53 ನಿಮಿಷ. ಅದಕ್ಕಿಂತ ಜಾಸ್ತಿ ನಿಂತರೆ ಸಾಮಾನ್ಯವಾಗಿ ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಕಡಿಮೆ ಮಾಡುತ್ತಾರೆ. ಆ ದಿನ ನಿಮಗೆ ತಪ್ಪಿದ ವ್ಯಾಪಾರವನ್ನು ತುಂಬಿಕೊಡುವುದಿಲ್ಲ.

ಹತ್ತು ನಿಮಿಷ ತಡೆಯಲಾಗದ ಬಿಲ್ಲಿಂಗ್ ಇದೆಯಲ್ಲ, ಅದಕ್ಕೆ ಇಂಟರ್ನೆಟ್ ಇಲ್ಲದಾಗಲೂ ಓಡುವ ಸಾಫ್ಟ್‌ವೇರೇ ಬೇಕು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಹೆಜ್ಜೆ 5: ಬೀಗದ ಕೈ ಯಾರ ಹತ್ತಿರ ಇದೆ?

ಸುರಕ್ಷತೆಯ ವಿಷಯದಲ್ಲಿ ಗಲ್ಲಾದ ಕೆಳಗಿನ ಕಂಪ್ಯೂಟರಿಗಿಂತ ಒಳ್ಳೆಯ ಡೇಟಾ ಸೆಂಟರ್ ಎಷ್ಟೋ ವಾಸಿ. ಕಾವಲು, ಬೆಂಕಿ ಆರಿಸುವ ವ್ಯವಸ್ಥೆ, ಜನರೇಟರ್, ಹಗಲು ರಾತ್ರಿ ನೋಡಿಕೊಳ್ಳುವ ಜನ, ಇದನ್ನೆಲ್ಲ ಒಂದು ಅಂಗಡಿ ಮಾಡಿಕೊಳ್ಳಲಾಗದು. ಆದರೆ ಅವರು ಕಾಯುವುದು ಕಟ್ಟಡವನ್ನು, ಯಂತ್ರವನ್ನು. ಯಾರಿಗೆ ಪಾಸ್‌ವರ್ಡ್ ಕೊಟ್ಟಿರಿ, ಯಾವ ಬಾಗಿಲು ತೆರೆದಿಟ್ಟಿರಿ ಎಂಬುದು ನಿಮ್ಮ ಜವಾಬ್ದಾರಿ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಅಮೆರಿಕ ಮತ್ತು ಕೆನಡಾದ ಸುಮಾರು 10.6 ಕೋಟಿ ಜನರ ಮಾಹಿತಿ ಕದ್ದು ಹೋಯಿತು. ಅದು ಅಮೆಜಾನ್ ಕ್ಲೌಡ್‌ನಲ್ಲೇ ಇತ್ತು. ಕಳ್ಳತನಕ್ಕೆ ದಾರಿಯಾದದ್ದು ಬ್ಯಾಂಕಿನವರು ಸರಿಯಾಗಿ ಹೊಂದಿಸದ ಫೈರ್‌ವಾಲ್, ಅಂದರೆ ಹೊರಗಿನವರನ್ನು ತಡೆಯುವ ಕಾವಲು ಸಾಫ್ಟ್‌ವೇರ್.

ನಮ್ಮ ಕಡೆ ನಾನು ಹೆಚ್ಚು ಕಾಣುವುದು ಇನ್ನೂ ಸರಳವಾದ ತಪ್ಪು. ಒಂದು ಸಂಸ್ಥೆಗೆ ಕರೆದರು, ಹೋದೆ. ಅವರ ಇಡೀ ಕ್ಲೌಡ್ ಖಾತೆ ತೆರೆದದ್ದು ಎರಡು ವರ್ಷದ ಹಿಂದೆ ಕೆಲಸ ಬಿಟ್ಟ ಹುಡುಗನ ಸ್ವಂತ ಜಿಮೇಲ್‌ನಲ್ಲಿ. ಒಟಿಪಿ ಹೋಗುವುದು ಅವನ ಮೊಬೈಲಿಗೆ. ಅವನು ಒಳ್ಳೆಯವನು, ಫೋನ್ ಮಾಡಿದಾಗಲೆಲ್ಲ ಒಟಿಪಿ ಹೇಳುತ್ತಿದ್ದ. ಹಾಗೇ ನಡೆಯುತ್ತಿತ್ತು. ಅವನು ನಂಬರ್ ಬದಲಾಯಿಸಿದ ದಿನ ಎಲ್ಲ ನಿಂತಿತು. ಖಾತೆ ತಮ್ಮದೇ ಎಂದು ಕಂಪನಿಗೆ ದಾಖಲೆ ಕೊಟ್ಟು ಸಾಬೀತು ಮಾಡಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಅವರ ಮೇಲ್ ಬಂದ್.

ಹಾಗಾಗಿ ಖಾತೆ, ಡೊಮೇನ್ ಹೆಸರು (ನಿಮ್ಮ ವೆಬ್‌ಸೈಟ್, ಮೇಲ್ ವಿಳಾಸದ ಹೆಸರು) ಎರಡನ್ನೂ ಸಂಸ್ಥೆಯ ಹೆಸರಿನಲ್ಲಿ, ಮಾಲೀಕರ ನಂಬರಿಗೆ ತೆರೆಯಿರಿ. ವ್ಯವಸ್ಥೆ ಮಾಡಿಕೊಡುವವರ ಹೆಸರಿನಲ್ಲಿ ಬೇಡ. ನನ್ನ ಹೆಸರಿನಲ್ಲೂ ಬೇಡ ಎಂದು ನಾನೇ ಹೇಳುತ್ತೇನೆ. ಎಲ್ಲರಿಗೂ ಬೇರೆ ಬೇರೆ ಲಾಗಿನ್ ಕೊಡಿ. ಪಾಸ್‌ವರ್ಡ್ ಜೊತೆಗೆ ಎರಡನೇ ಹಂತದ ಪರಿಶೀಲನೆ ಹಾಕಿ. ಕೆಲಸ ಬಿಟ್ಟವರ ಲಾಗಿನ್ನನ್ನು ಅದೇ ದಿನ, ಲೆಕ್ಕ ಚುಕ್ತಾ ಮಾಡುವಾಗಲೇ ಮುಚ್ಚಿ.

ಕ್ಲೌಡ್‌ನಲ್ಲಿದ್ದರೆ ಬ್ಯಾಕಪ್ ಬೇಡ ಎಂಬ ನಂಬಿಕೆಯನ್ನೂ ಇಲ್ಲೇ ಬಿಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅದೇ ಜಾಗದಲ್ಲಿ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಗೂಗಲ್ ಕ್ಲೌಡ್ ವ್ಯವಸ್ಥೆ, ಗೂಗಲ್ ಕಡೆಯ ಒಂದು ತಪ್ಪು ಹೊಂದಿಕೆಯಿಂದ ಅಳಿಸಿಹೋಯಿತು. 6 ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಸುಮಾರು ಒಂದು ವಾರ ತಮ್ಮ ಖಾತೆ ನೋಡಲಾಗಲಿಲ್ಲ. ಬೇರೆ ಕಂಪನಿಯ ಬಳಿಯೂ ಬ್ಯಾಕಪ್ ಇಟ್ಟಿದ್ದು ಅವರ ಕೈ ಹಿಡಿಯಿತು. ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಬೇರೆ ಕಟ್ಟಡದಲ್ಲಿ: ಈ ಹಳೆಯ ನಿಯಮ ಕ್ಲೌಡ್‌ಗೂ ಹೊಂದುತ್ತದೆ.

ಹೆಜ್ಜೆ 6: ಕಾನೂನು

ಇದನ್ನು ನಿಮ್ಮ ಆಡಿಟರ್ ಜೊತೆ ಕೂತು ನೋಡಿ. ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ, 2022ರ ತಿದ್ದುಪಡಿಯಂತೆ ಕಂಪ್ಯೂಟರಿನಲ್ಲಿಡುವ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದಲ್ಲೇ ಇರುವ ಸರ್ವರಿನಲ್ಲಿ ಇರಬೇಕು. ಗ್ರಾಹಕರ ಹೆಸರು, ಫೋನ್ ನಂಬರ್ ಇಟ್ಟುಕೊಳ್ಳುವವರಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಮಾಹಿತಿ ಸೋರದಂತೆ ತಕ್ಕ ಎಚ್ಚರ ವಹಿಸದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ಮಾಹಿತಿಯನ್ನು ಕ್ಲೌಡ್ ಕಂಪನಿಯ ಬಳಿ ಇಟ್ಟರೂ ಜವಾಬ್ದಾರಿ ನಿಮ್ಮದೇ.

ಭಾರತದೊಳಗೆ ಇಡುವುದು ಈಗ ಕಷ್ಟವಲ್ಲ. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಲ್ಲಿ ಕೇಂದ್ರ ತೆರೆಯಿತು. ಅಮೆಜಾನ್ 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದಿಗೆ ಬಂತು. ಗೂಗಲ್ 2017ರಲ್ಲಿ ಮುಂಬೈ, 2021ರಲ್ಲಿ ದೆಹಲಿ. ಖಾತೆ ತೆರೆಯುವಾಗ ಊರು ಆರಿಸಲು ಕೇಳಿದರೆ ಸುಮ್ನೆ ಮೊದಲು ಕಂಡದ್ದನ್ನು ಒತ್ತಬೇಡಿ, ಭಾರತದ್ದನ್ನು ಹುಡುಕಿ.

ಹೆಜ್ಜೆ 7: ಹೊರಗೆ ಬರುವ ಬಾಗಿಲು ನೋಡಿಕೊಂಡು ಒಳಗೆ ಹೋಗಿ

2025ರ ಜುಲೈನಲ್ಲಿ ಮುಂಬೈ ಮೂಲದ ನಯಾರಾ ಎನರ್ಜಿ ಕಂಪನಿಗೆ ಏನಾಯಿತು ನೋಡಿ. ರಷ್ಯಾದ ಪಾಲುದಾರಿಕೆಯ ಕಾರಣಕ್ಕೆ ಯುರೋಪಿಯನ್ ಒಕ್ಕೂಟ ಅದರ ಮೇಲೆ ನಿರ್ಬಂಧ ಹಾಕಿತು. ಮೈಕ್ರೋಸಾಫ್ಟ್ ಅದರ ಸೇವೆಗಳನ್ನು ನಿಲ್ಲಿಸಿತು. ತಾನು ದುಡ್ಡು ಕಟ್ಟಿ ಪಡೆದ ಸೇವೆಯೂ ತನ್ನ ಮಾಹಿತಿಯೂ ಕೈಗೆ ಸಿಗುತ್ತಿಲ್ಲ ಎಂದು ನಯಾರಾ ದೆಹಲಿ ಹೈಕೋರ್ಟಿಗೆ ಹೋಯಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿ ಬಂತು. ದೊಡ್ಡ ತೈಲ ಕಂಪನಿಗೆ ವಕೀಲರಿದ್ದರು. ನಮ್ಮ ನಿಮ್ಮಂಥವರಿಗೆ ಕೈಯಲ್ಲೊಂದು ಪ್ರತಿ ಇರುವುದೇ ಭದ್ರ.

ಸಹಿ ಹಾಕುವ ಮೊದಲು ಇಷ್ಟು ಕೇಳಿ, ಉತ್ತರವನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ನನ್ನ ಪೂರ್ತಿ ಮಾಹಿತಿ ಎಕ್ಸೆಲ್ ಅಥವಾ ಬೇರೆ ಕಡೆ ತೆರೆಯುವ ರೂಪದಲ್ಲಿ ಸಿಗುತ್ತದಾ? ಒಂದು ತಿಂಗಳು ದುಡ್ಡು ಕಟ್ಟದಿದ್ದರೆ ಎಷ್ಟು ದಿನ ಮಾಹಿತಿ ಉಳಿಸಿಡುತ್ತೀರಿ? ಹೊರಗೆ ತೆಗೆಯಲು ಚಾರ್ಜ್ ಎಷ್ಟು? ಕ್ಲೌಡ್‌ಗೆ ಹಾಕುವುದು ಸಾಮಾನ್ಯವಾಗಿ ಪುಕ್ಕಟೆ, ಹೊರಗೆ ಇಳಿಸಲು ಜಿಬಿ ಲೆಕ್ಕದಲ್ಲಿ ದುಡ್ಡು. ಪೂರ್ತಿ ಬಿಟ್ಟುಹೋಗುವವರಿಗೆ ಈ ಶುಲ್ಕ ಬೇಡ ಎಂದು ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ 2024ರಲ್ಲಿ ಹೇಳಿವೆ, ಆದರೆ ಅದಕ್ಕೆ ಅವರವರ ಷರತ್ತುಗಳಿವೆ. ನಡುವಿನ ಸಣ್ಣ ಮಾರಾಟಗಾರರ ಮೂಲಕ ಕೊಂಡರೆ ಅವರ ನಿಯಮ ಬೇರೆಯೇ ಇರಬಹುದು.

ಹೆಜ್ಜೆ 8: ಒಂದು ತಿಂಗಳು ಎರಡನ್ನೂ ಓಡಿಸಿ

ಹಳೆಯದನ್ನು ನಿಲ್ಲಿಸಬೇಡಿ. ಕಡಿಮೆ ಅಪಾಯದ ಒಂದು ಕೆಲಸವನ್ನು ಮೊದಲು ಕಳಿಸಿ, ಮೇಲ್ ಇದಕ್ಕೆ ಒಳ್ಳೆಯದು. ಬಾಡಿಗೆ ಯಂತ್ರವಾದರೆ ಮೊದಲ ದಿನವೇ ಬಿಲ್ ಇಷ್ಟು ದಾಟಿದರೆ ತಿಳಿಸು ಎಂಬ ಎಚ್ಚರಿಕೆ ಹಾಕಿ. ಪರೀಕ್ಷೆಗೆಂದು ತೆರೆದು ಮರೆತ ಯಂತ್ರ ಹಗಲು ರಾತ್ರಿ ದುಡ್ಡು ತಿನ್ನುತ್ತಲೇ ಇರುತ್ತದೆ. ಮಾರ್ಚ್ ಕೊನೆಯಲ್ಲಿ, ಜಿಎಸ್‌ಟಿ ರಿಟರ್ನ್ ತುಂಬುವ ದಿನಗಳಲ್ಲಿ, ದೀಪಾವಳಿ ವಾರದಲ್ಲಿ ಯಾವ ಬದಲಾವಣೆಯೂ ಬೇಡ.

ದಾವಣಗೆರೆಯ ಆ ಅಂಗಡಿಯಲ್ಲಿ ಕೊನೆಗೆ ಉಳಿದದ್ದು ಹೀಗೆ. ಬಿಲ್ಲಿಂಗ್ ಮತ್ತು ಟ್ಯಾಲಿ ಅಂಗಡಿಯ ಹೊಸ ಕಂಪ್ಯೂಟರಿನಲ್ಲಿ, ಈ ಸಲ ಗಲ್ಲಾದ ಕೆಳಗಲ್ಲ, ಒಳಕೋಣೆಯ ಗೋಡೆಯ ಮೇಲಿನ ಹಲಗೆಯಲ್ಲಿ. ಮೇಲ್, ಕೊಟೇಶನ್, ಗೋಡೌನ್ ಸ್ಟಾಕ್ ಕ್ಲೌಡ್‌ನಲ್ಲಿ. ಗೋಡೌನ್ ಹುಡುಗರು ಮೊಬೈಲಿನಲ್ಲೇ ಸ್ಟಾಕ್ ಬರೆಯುತ್ತಾರೆ, ಮಾಲೀಕರು ಹಳ್ಳಿಗೆ ಹೋದಾಗಲೂ ನೋಡುತ್ತಾರೆ. ಸಿಸಿಟಿವಿ ಡಿವಿಆರ್‌ನಲ್ಲಿ. ದಿನಾ ರಾತ್ರಿ ಒಂಬತ್ತೂವರೆಗೆ ಟ್ಯಾಲಿ ಲೆಕ್ಕದ ಬ್ಯಾಕಪ್ ಪಾಸ್‌ವರ್ಡಿನ ಬೀಗ ಹಾಕಿಕೊಂಡು ಮುಂಬೈನ ಡೇಟಾ ಸೆಂಟರಿಗೆ ಹೋಗುತ್ತದೆ. ಪೆನ್‌ಡ್ರೈವ್ ಮೊಳೆಯಿಂದ ಇಳಿದು ಮಾಲೀಕರ ಬ್ಯಾಗ್ ಸೇರಿ ಮನೆಗೆ ಹೋಗುತ್ತದೆ.

ತಿಂಗಳ ಮೊದಲ ಶನಿವಾರ ಅಕೌಂಟೆಂಟ್ ಹಿಂದಿನ ರಾತ್ರಿಯ ಬ್ಯಾಕಪ್ಪನ್ನು ಕ್ಲೌಡ್‌ನಿಂದ ಬೇರೆ ಲ್ಯಾಪ್‌ಟಾಪಿಗೆ ಇಳಿಸಿ, ತೆರೆದು, ಕೊನೆಯ ಬಿಲ್ಲಿನ ನಂಬರ್ ನೋಡುತ್ತಾರೆ. ಕಳೆದ ಸಲ ನಾನೂ ಪಕ್ಕದಲ್ಲಿದ್ದೆ. ಲ್ಯಾಪ್‌ಟಾಪಿನಲ್ಲಿ 4312. ಕೌಂಟರಿನ ಬಿಲ್ ಪುಸ್ತಕ ತಿರುಗಿಸಿ ನೋಡಿದರು, ಅಲ್ಲೂ 4312. ಪುಸ್ತಕದ ಅಂಚಿನಲ್ಲಿ ಪೆನ್ನಿನಿಂದ ಒಂದು ಟಿಕ್ ಹಾಕಿ ಚಹಾಕ್ಕೆ ಹೇಳಿದರು.